ಇನ್ನೂರು ಟನ್ ತೂಕದ ಹಾರ್ಮೋನಿಯಂ

ಮಕ್ಕಳೇ, ನಿಮ್ಮಲ್ಲಿ ಹಲವರು ಗಗನಚುಕ್ಕಿ ಜಲಪಾತ ನೋಡಿರುತ್ತೀರಿ. ಅದರ ಸಮೀಪದಲ್ಲೇ, ನಮ್ಮ ಮಳವಳ್ಳಿ ತಾಲ್ಲೂಕಿನಲ್ಲಿ, ಬ್ಲಫ್ ಎಂಬ ಪುಟ್ಟ ಊರಿದೆ. ಕಡಿದಾದ ದಿಬ್ಬಕ್ಕೆ ಇಂಗ್ಲಿಷಿನಲ್ಲಿ ಹಾಗೆನ್ನುತ್ತಾರೆ. ಆ ದಿಬ್ಬದಿಂದ ಕಾವೇರಿಯ ನೀರು ದಪ್ಪ ಕೊಳವೆಗಳಲ್ಲಿ ಸುಮಾರು 400 ಅಡಿ ಕೆಳಗಿಳಿದು ಶಿವನಸಮುದ್ರ ವಿದ್ಯುದಾಗಾರದ ಟರ್ಬೈನುಗಳನ್ನು ತಿರುಗಿಸುತ್ತದೆ.

ಒಮ್ಮೆ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಬೇಲಿಯಾಚೆ ಟ್ರಾನ್ಸ್‌ಫಾರ್ಮರುಗಳು ಗುಂಯ್ ಎನ್ನುತ್ತಿದ್ದವು. ಏಳನೇ ತರಗತಿಯ ಹುಡುಗಿಯೊಬ್ಬಳು ಆ ಸದ್ದು ಯಾವ ಸ್ವರವೆಂದು ಕೇಳಿದಳು. ಅವಳಣ್ಣ ಊರಿನ ಕುರುಕ್ಷೇತ್ರ ನಾಟಕಕ್ಕೆ ಬಾಡಿಗೆ ಕೀಬೋರ್ಡ್ ನುಡಿಸುತ್ತಾನಂತೆ. ಸ್ವಂತಕ್ಕೊಂದು ಕೊಳ್ಳಲು ಹಣ ಕೂಡಿಸುತ್ತಿದ್ದಾನೆ, ಆದರೆ ಯಾವುದನ್ನು ಕೊಳ್ಳಬೇಕೆಂದು ತಿಳಿಯದೆ ಕುಳಿತಿದ್ದಾನೆ ಎಂದಳು. ಈ ಎರಡು ಪ್ರಶ್ನೆಗಳಿಗೂ ಒಬ್ಬರೇ ಮನುಷ್ಯರ ಜೀವನದಲ್ಲಿ ಉತ್ತರವಿದೆ. ಅವರ ಹೆಸರು ಥ್ಯಾಡಿಯಸ್ ಕೇಹಿಲ್. ವಿದ್ಯುತ್ತಿನಿಂದ ಸಂಗೀತ ಹುಟ್ಟಿಸಿದವರ ಚರಿತ್ರೆಯನ್ನು ಯಾರೇ ಬರೆದರೂ ಈ ಹೆಸರನ್ನು ಬಿಡುವಂತಿಲ್ಲ.

ಕೇಹಿಲ್ 1867ರಲ್ಲಿ ಅಮೆರಿಕದ ಅಯೋವಾ ಪ್ರಾಂತ್ಯದಲ್ಲಿ ಜನಿಸಿದರು. ಬೆಳೆದದ್ದು ಒಹಾಯೋ ಪ್ರಾಂತ್ಯದ ಓಬರ್ಲಿನ್ ಎಂಬ ಊರಿನಲ್ಲಿ. ಆ ಊರಿನಲ್ಲಿ ಹೆಸರಾಂತ ಸಂಗೀತ ಶಾಲೆಯಿತ್ತು. ದೂರವಾಣಿ ಆಗಿನ್ನೂ ಹೊಸತು. ಬೆಲ್ ಅವರಿಗೆ ಅದರ ಪೇಟೆಂಟ್ ದೊರೆತದ್ದು 1876ರಲ್ಲಿ. ತಂತಿಯಲ್ಲಿ ಮಾತು ಹೋಗುವುದಾದರೆ ಸಂಗೀತವೇಕೆ ಹೋಗಬಾರದು ಎಂಬ ಯೋಚನೆ ಬಾಲಕ ಥ್ಯಾಡಿಯಸ್‌ನ ತಲೆಹೊಕ್ಕಿತು. ಮುಂದೆ ವಾಷಿಂಗ್ಟನ್ ನಗರದಲ್ಲಿ ಕಾನೂನು ಓದಿದರು. ಪೇಟೆಂಟುಗಳ ವ್ಯವಹಾರದಲ್ಲಿ ಆ ಓದು ಅವರ ಕೈಹಿಡಿಯಿತು. ವಿದ್ಯುತ್ತಿನಿಂದ ನಡೆಯುವ ಬೆರಳಚ್ಚು ಯಂತ್ರವನ್ನೂ ಅವರು ಮಾಡಿದರು. ಆದರೆ ಮನಸ್ಸೆಲ್ಲ ಸಂಗೀತದ ಕಡೆಗೇ ಇತ್ತು. ವಿದ್ಯುತ್ತಿನಿಂದ ಸಂಗೀತ ಉತ್ಪಾದಿಸಿ ಹಂಚುವ ಉಪಕರಣಕ್ಕೆ 1897ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು. ಆ ಯಂತ್ರಕ್ಕೆ ಟೆಲ್ಹಾರ್ಮೋನಿಯಂ ಎಂಬ ಹೆಸರು ಬಂತು. ‘ಟೆಲೆ’ ಎಂದರೆ ದೂರ. ಹಾರ್ಮೋನಿಯಂ ಎಂದರೇನೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಈ ಯಂತ್ರ ಹೇಗೆ ಹಾಡುತ್ತಿತ್ತು? ತಿಳಿಯಬೇಕಾದರೆ ಒಂದು ಸೈಕಲ್ ಬೇಕು. ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರದ ಕಡ್ಡಿಗಳಿಗೆ ತಾಗುವಂತೆ ಗಟ್ಟಿ ರಟ್ಟಿನ ಚೂರೊಂದನ್ನು ಚೌಕಟ್ಟಿಗೆ ಕಟ್ಟಿ. ಬೆರಳನ್ನು ಕಡ್ಡಿಗಳಿಂದ ದೂರವಿಟ್ಟು ಪೆಡಲ್ ತಿರುಗಿಸಿ. ನಿಧಾನವಾಗಿ ತಿರುಗಿದಾಗ ಟಕಟಕ ಎನ್ನುವ ರಟ್ಟು ವೇಗ ಹೆಚ್ಚಿದಂತೆ ಗುರ್ರ್ ಎಂದು ಸ್ವರ ಹಿಡಿಯುತ್ತದೆ. ಚಕ್ರದಲ್ಲಿ 40 ಕಡ್ಡಿಗಳಿದ್ದು ಅದು ಸೆಕೆಂಡಿಗೆ 5 ಸುತ್ತು ತಿರುಗಿದರೆ ರಟ್ಟು 200 ಬಾರಿ ಅದುರುತ್ತದೆ. ಸೆಕೆಂಡಿಗೆ ಎಷ್ಟು ಬಾರಿ ಅದುರಿತು ಎಂಬ ಲೆಕ್ಕವೇ ಆವೃತ್ತಿ. ಅದನ್ನು ಹರ್ಟ್ಸ್ ಎಂಬ ಮಾನದಲ್ಲಿ ಹೇಳುತ್ತಾರೆ.

ಕೇಹಿಲ್ ಕಡ್ಡಿಗಳ ಬದಲು ಕಬ್ಬಿಣದ ಹಲ್ಲುಗಳನ್ನೂ ರಟ್ಟಿನ ಬದಲು ಕಾಂತ ಮತ್ತು ತಂತಿಯ ಸುರುಳಿಯನ್ನೂ ಇಟ್ಟರು. ಅಜ್ಜನ ಕಾಲದ ಸೈಕಲ್ಲಿನ ದೀಪಕ್ಕೆ ಇರುತ್ತಿದ್ದ ಡೈನಮೋ ನೆನಪಿಸಿಕೊಳ್ಳಿ, ಅದರ ದೊಡ್ಡಣ್ಣ ಇದು. ಒಂದು ಹಲ್ಲು ಸುರುಳಿಯ ಮುಂದೆ ಹಾದುಹೋದರೆ ತಂತಿಯಲ್ಲಿ ವಿದ್ಯುತ್ತು ಒಮ್ಮೆ ಏರಿ ಇಳಿಯುತ್ತದೆ. 8 ಹಲ್ಲಿನ ಚಕ್ರ ಸೆಕೆಂಡಿಗೆ 32 ಸುತ್ತು ತಿರುಗಿದರೆ 256 ಅಲೆಗಳು. ಅದನ್ನು ‘ಸ’ ಎಂದಿಟ್ಟುಕೊಳ್ಳಿ. ಅದೇ ವೇಗದಲ್ಲಿ 12 ಹಲ್ಲಿನ ಚಕ್ರ ತಿರುಗಿದರೆ 384, ಅಂದರೆ ‘ಪ’. 16 ಹಲ್ಲಿದ್ದರೆ 512, ಮೇಲಿನ ‘ಸ’. ದೂರವಾಣಿಯ ಕಿವಿಗೊಳವೆಗೆ ಈ ವಿದ್ಯುತ್ತನ್ನು ಹರಿಸಿದರೆ ಅದರೊಳಗಿನ ತೆಳು ತಗಡು ಅದೇ ಲಯದಲ್ಲಿ ಅದುರಿ ಸ್ವರ ಕೇಳಿಸುತ್ತದೆ.

ಹೀಗೆ ಒಂಟಿಯಾಗಿ ಹುಟ್ಟಿದ ಸ್ವರ ಸಪ್ಪೆ. ಕೊಳಲಿನ ‘ಸ’ ಬೇರೆ, ನಾಗಸ್ವರದ ‘ಸ’ ಬೇರೆ ಎಂದು ಕಣ್ಣು ಮುಚ್ಚಿಯೂ ನೀವು ಹೇಳಬಲ್ಲಿರಿ, ಅಲ್ಲವೇ? ಆ ವ್ಯತ್ಯಾಸದ ಗುಟ್ಟನ್ನು ಬಿಡಿಸಿದವರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಪ್ರಮುಖರು. ನಾವು ಕೇಳುವ ಸ್ವರದೊಳಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಆವೃತ್ತಿಯ ಉಪಸ್ವರಗಳೂ ಅಡಗಿರುತ್ತವೆ. ಯಾವುದು ಎಷ್ಟು ಪ್ರಮಾಣದಲ್ಲಿದೆ ಎಂಬುದರ ಮೇಲೆ ವಾದ್ಯದ ದನಿ ನಿಂತಿದೆ. ಹುಳಿ, ಉಪ್ಪು, ಖಾರ ಎಲ್ಲರ ಮನೆಯಲ್ಲೂ ಅವೇ ಆದರೂ ಸಾರಿನ ರುಚಿ ಬೇರೆಯಾಗುವ ಹಾಗೆ. ಕೇಹಿಲ್ ಈ ವಿಚಾರವನ್ನು ಓದಿ ಅರಗಿಸಿಕೊಂಡಿದ್ದರು. ಬೇರೆ ಬೇರೆ ಡೈನಮೋಗಳ ಅಲೆಗಳನ್ನು ಬೇಕಾದ ಪ್ರಮಾಣದಲ್ಲಿ ಬೆರೆಸಿ ಕೊಳಲಿನಂಥ ದನಿ, ಪಿಟೀಲಿನಂಥ ದನಿಗಳನ್ನು ಕಟ್ಟತೊಡಗಿದರು. ಇಂದು ಸಿಂಥಸೈಸರ್ ಎನ್ನುವುದು ಹೀಗೆ ದನಿಯನ್ನು ಕಟ್ಟುವ ಯಂತ್ರಕ್ಕೇ.

ಅವರ ಮೊದಲ ಯಂತ್ರದ ತೂಕ 7 ಟನ್. 1902ರಲ್ಲಿ ಅದನ್ನು ವಾಷಿಂಗ್ಟನ್ನಿನಲ್ಲಿ ನುಡಿಸಿ, ದೂರವಾಣಿ ತಂತಿಯ ಮೂಲಕ ಬಾಲ್ಟಿಮೋರ್ ನಗರದವರಿಗೆ ಕೇಳಿಸಿದರು. ಕೇಳಿದವರು ಬೆರಗಾದರು, ಬಂಡವಾಳ ಹಾಕುವವರೂ ಸಿಕ್ಕಿದರು. ಅದೇ ವರ್ಷ ಕೇಹಿಲ್ ತಮ್ಮ ಕಾರ್ಯಾಗಾರವನ್ನು ಹೋಲಿಯೋಕ್ ಎಂಬ ಊರಿಗೆ ಸಾಗಿಸಿದರು. ಅದು ಒಂದು ರೀತಿಯಲ್ಲಿ ನಮ್ಮ ಬ್ಲಫ್‌ನ ನೆಂಟ. ಕನೆಕ್ಟಿಕಟ್ ನದಿಗೆ ಅಣೆಕಟ್ಟು ಕಟ್ಟಿ, ನಾಲೆ ತೋಡಿ, ಬೀಳುವ ನೀರಿನ ಬಲದಿಂದ ಕಾಗದದ ಗಿರಣಿಗಳನ್ನು ನಡೆಸುತ್ತಿದ್ದ ಊರು ಅದು.

ಅದೇ 1902ರ ಜೂನ್ 30ರಂದು ನಮ್ಮ ಶಿವನಸಮುದ್ರದಿಂದ ಸುಮಾರು 148 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. ಯೋಜನೆಯ ಬೆನ್ನಿಗಿದ್ದ ದಿವಾನ್ ಶೇಷಾದ್ರಿ ಅಯ್ಯರ್ ಅದನ್ನು ನೋಡಲು ಇರಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು. ಜನರೇಟರುಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು. ಅವು ಸೆಕೆಂಡಿಗೆ 25 ಬಾರಿ ಏರಿಳಿಯುವ ವಿದ್ಯುತ್ ಕೊಡುತ್ತಿದ್ದವು. ಪಿಯಾನೋದ ಅತಿ ಕೆಳಗಿನ ಮಣೆಯ ಆವೃತ್ತಿ 27.5. ಅಂದರೆ ನಮ್ಮ ಬ್ಲಫ್ ಪಿಯಾನೋಗಿಂತಲೂ ಕೆಳಗಿನ ಸ್ವರದಲ್ಲಿ ಹಾಡುತ್ತಿತ್ತು! ಇಂದು ದೇಶದಲ್ಲೆಲ್ಲ ಆವೃತ್ತಿ 50. ಪ್ರತಿ ಏರಿಳಿತದಲ್ಲೂ ಟ್ರಾನ್ಸ್‌ಫಾರ್ಮರಿನ ಕಬ್ಬಿಣ ಎರಡು ಸಲ ಮಿಡಿಯುವುದರಿಂದ ನಮಗೆ ಕೇಳುವ ಗುಂಯ್ ಸದ್ದು 100 ಹರ್ಟ್ಸ್. ಹುಡುಗಿಯ ಮೊದಲ ಪ್ರಶ್ನೆಗೆ ಇದು ಉತ್ತರ. ಟೆಲ್ಹಾರ್ಮೋನಿಯಂ ಮಾಡುತ್ತಿದ್ದುದೂ ಇದೇ ಕೆಲಸ, ಆದರೆ ಸ್ವರಕ್ಕೊಂದು ಆವೃತ್ತಿಯಂತೆ.

ಹೋಲಿಯೋಕ್‌ನಲ್ಲಿ ತಮ್ಮಂದಿರಾದ ಜಾರ್ಜ್ ಮತ್ತು ಆರ್ಥರ್ ಜೊತೆ ಸೇರಿ ಕೇಹಿಲ್ ಕಟ್ಟಿದ ಎರಡನೆಯ ಯಂತ್ರದಲ್ಲಿ 145 ಡೈನಮೋಗಳಿದ್ದವು. ತೂಕ ಸುಮಾರು 200 ಟನ್, ಅಂದರೆ ನಲವತ್ತು ಆನೆಗಳಷ್ಟು. ಖರ್ಚು 2 ಲಕ್ಷ ಡಾಲರ್. ಅದನ್ನು ನ್ಯೂಯಾರ್ಕಿಗೆ ಸಾಗಿಸಲು ಸುಮಾರು 30 ರೈಲು ಡಬ್ಬಿಗಳು ಬೇಕಾದವು.

ಇಷ್ಟು ದೊಡ್ಡದೇಕೆ ಎಂದು ಕೇಳುತ್ತೀರಾ? ಇಲ್ಲೇ ಇರುವುದು ಅವರ ಕಷ್ಟ. ಸಣ್ಣ ವಿದ್ಯುತ್ ಸಂಕೇತವನ್ನು ದೊಡ್ಡದು ಮಾಡುವ ಆಂಪ್ಲಿಫೈಯರ್ ಆಗ ಇರಲಿಲ್ಲ. ಊರಿನ ಮೂಲೆಮೂಲೆಯ ಕಿವಿಗೊಳವೆಗಳನ್ನು ಅದುರಿಸುವಷ್ಟು ಶಕ್ತಿಯನ್ನು ಸ್ವರ ಹುಟ್ಟುವಲ್ಲೇ ತುಂಬಿ ಕಳಿಸಬೇಕಿತ್ತು. ಆದ್ದರಿಂದ ಡೈನಮೋಗಳು ವಿದ್ಯುದಾಗಾರದ ಗಾತ್ರಕ್ಕೆ ಬೆಳೆದವು. ಕೇಹಿಲ್ ಲೆಕ್ಕದಲ್ಲಿ ತಪ್ಪಿರಲಿಲ್ಲ, ಹತ್ತು ವರ್ಷ ಬೇಗ ಹುಟ್ಟಿದ್ದರು ಎಂದೇ ನನಗನ್ನಿಸುತ್ತದೆ.

1906ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಟೆಲ್ಹಾರ್ಮೋನಿಕ್ ಹಾಲ್ ಸಾರ್ವಜನಿಕರಿಗೆ ತೆರೆಯಿತು. ನೆಲಮಾಳಿಗೆಯಲ್ಲಿ ಡೈನಮೋಗಳ ಗದ್ದಲ, ಮೇಲೆ ಮಣೆಗಳ ಮುಂದೆ ಇಬ್ಬರು ವಾದಕರು. ಹೋಟೆಲು, ಉಪಾಹಾರ ಮಂದಿರಗಳಿಗೆ ತಂತಿಯಲ್ಲಿ ಸಂಗೀತ ಹೋಗುತ್ತಿತ್ತು. ನಲ್ಲಿಯಲ್ಲಿ ನೀರು ಬರುವಂತೆ ಮನೆಮನೆಗೂ ಸಂಗೀತ ಬರಬೇಕು, ಬಡವರಿಗೂ ದೊರೆಯಬೇಕು ಎಂಬುದು ಕೇಹಿಲ್ ಅವರ ಆಸೆ. ಖ್ಯಾತ ಲೇಖಕ ಮಾರ್ಕ್ ಟ್ವೇನ್ ಕೂಡ ಬಂದು ಕೇಳಿ ಮೆಚ್ಚಿದ್ದರು.

ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. ಬಲವಾದ ವಿದ್ಯುತ್ ಹರಿಯುವ ತಂತಿ ಪಕ್ಕದ ತಂತಿಯಲ್ಲೂ ವಿದ್ಯುತ್ತನ್ನು ಪ್ರೇರಿಸುತ್ತದೆ. ಹಾಗಾಗಿ ದೂರವಾಣಿಯಲ್ಲಿ ವ್ಯಾಪಾರದ ಮಾತಾಡುತ್ತಿದ್ದವರ ಕಿವಿಗೆ ನಡುವೆ ಸಂಗೀತ ನುಗ್ಗತೊಡಗಿತು. ದೂರುಗಳ ಮೇಲೆ ದೂರು. ಜೊತೆಗೆ 1907ರ ಹಣಕಾಸಿನ ಮುಗ್ಗಟ್ಟು. 1908ರಲ್ಲಿ ಹಾಲ್ ಮುಚ್ಚಿತು. ಕೇಹಿಲ್ ಸುಮ್ಮನೆ ಕೂರಲಿಲ್ಲ, ಮೂರನೆಯ ಯಂತ್ರ ಕಟ್ಟಿ 1911ರಲ್ಲಿ ಮತ್ತೆ ನ್ಯೂಯಾರ್ಕಿಗೆ ತಂದರು. ಈ ಸಲ ಜನ ಅಷ್ಟಾಗಿ ತಿರುಗಿ ನೋಡಲಿಲ್ಲ. 1914ರಲ್ಲಿ ಕಂಪನಿ ದಿವಾಳಿಯಾಯಿತು. ಕೇಹಿಲ್ 1934ರಲ್ಲಿ ನಿಧನರಾದರು. ಆರ್ಥರ್ ಮೊದಲ ಯಂತ್ರವನ್ನು ಬಹಳ ಕಾಲ ಕಾಪಾಡಿಕೊಂಡಿದ್ದರು, ಅದನ್ನು ಇಟ್ಟುಕೊಳ್ಳುವವರು ಯಾರೂ ಸಿಗಲಿಲ್ಲ. ಕೊನೆಗೆ ಅದೂ ಗುಜರಿಗೆ ಹೋಯಿತು. ಆ ಯಂತ್ರಗಳ ದನಿಯ ಒಂದೇ ಒಂದು ಮುದ್ರಣವೂ ಉಳಿದಿಲ್ಲ.

ಕೇಹಿಲ್ ತೀರಿಕೊಂಡ ವರ್ಷವೇ ಲಾರೆನ್ಸ್ ಹ್ಯಾಮಂಡ್ ಎಂಬುವರು ಅದೇ ಹಲ್ಲಿನ ಚಕ್ರದ ತತ್ತ್ವಕ್ಕೆ ಆಂಪ್ಲಿಫೈಯರ್ ಸೇರಿಸಿ ಒಂದು ಆರ್ಗನ್‌ಗೆ ಪೇಟೆಂಟ್ ಪಡೆದರು. ಚಕ್ರಗಳು ಈಗ ಅಂಗೈಗಿಂತ ಚಿಕ್ಕವು, 91 ಚಕ್ರಗಳೂ ಒಂದು ಮೇಜಿನಷ್ಟು ಜಾಗದಲ್ಲಿ ಅಡಗಿದವು. ಬೆಲೆ ಸುಮಾರು 1250 ಡಾಲರ್. ಅದರ ಮೋಟರು ಅಮೆರಿಕದ 60 ಹರ್ಟ್ಸ್ ವಿದ್ಯುತ್ತಿನ ಲಯಕ್ಕೇ ತಿರುಗುತ್ತಿತ್ತು. ಅಂದಿನ ಬ್ಲಫ್‌ನ 25ರ ಲಯಕ್ಕೆ ತಿರುಗಿಸಿದ್ದರೆ ಅದರ ಸ್ವರಗಳೆಲ್ಲ ಒಂದು ಸ್ಥಾಯಿಗಿಂತಲೂ ಕೆಳಗೆ ಕುಸಿಯುತ್ತಿದ್ದವು! ಮುಂದೆ ಟ್ರಾನ್ಸಿಸ್ಟರ್ ಬಂದು ಚಕ್ರಗಳೇ ಬೇಡವಾದವು. ರಾಬರ್ಟ್ ಮೂಗ್ 1964ರಲ್ಲಿ ಕಟ್ಟಿದ ಸಿಂಥಸೈಸರ್ ದೊಡ್ಡ ಕಪಾಟಿನಂತಿತ್ತು. 1970ರ ಮಿನಿಮೂಗ್ ಕಂಕುಳಲ್ಲಿ ಹಿಡಿಯುವಷ್ಟಾಯಿತು. 1980ರ ಸುಮಾರಿಗೆ ಕ್ಯಾಸಿಯೋ ಕಂಪನಿ ಕ್ಯಾಲ್ಕ್ಯುಲೇಟರಿನೊಳಗೇ ಒಂದು ಪುಟ್ಟ ಸಿಂಥಸೈಸರ್ ಇಟ್ಟು ಮಾರಿತು. ಹೆಚ್ಚುಕಡಿಮೆ ಆ ದಿನಗಳಲ್ಲೇ ನಮ್ಮ ಬೆಂಗಳೂರಿನಲ್ಲಿ ರಾಡೆಲ್ ಸಂಸ್ಥೆಯ ಎಲೆಕ್ಟ್ರಾನಿಕ್ ತಂಬೂರಿ ಹುಟ್ಟಿತು.

ಇನ್ನು ಅಣ್ಣನ ಪ್ರಶ್ನೆ. ಅಂಗಡಿಯಲ್ಲಿ ಎರಡು ಬಗೆಯ ವಾದ್ಯಗಳು ಒಂದೇ ರೀತಿ ಕಾಣುತ್ತವೆ. ಒಂದು, ನೂರಾರು ಸಿದ್ಧ ದನಿಗಳಿರುವ ಕೀಬೋರ್ಡ್. ಇನ್ನೊಂದು, ದನಿಯನ್ನು ನಾವೇ ಕಟ್ಟುವ ಸಿಂಥಸೈಸರ್. ನಾಟಕಕ್ಕೆ ನುಡಿಸುವವರಿಗೆ ಮೊದಲನೆಯದು ಸಾಕು. ಮನೆಯಲ್ಲಿ ಕುಳಿತು ಹೊಸ ದನಿ ಹುಡುಕುವ ಹುಚ್ಚಿದ್ದರೆ ಎರಡನೆಯದು. ಆಗ ಗುಂಡಿಗಳು ಮೇಲೆಯೇ ಕೈಗೆ ಸಿಗುವಂತಿರಲಿ. ಕಡಿಮೆ ಬೆಲೆಯ ಸಿಂಥಸೈಸರುಗಳಲ್ಲಿ ಕೆಲವಕ್ಕೆ ಸ್ಪೀಕರ್ ಇರುವುದಿಲ್ಲ, ಕೇಹಿಲ್ ಅವರ ತೊಂದರೆಯೇ ನಿಮಗೂ ಎದುರಾಗುತ್ತದೆ. ಸ್ಪೀಕರ್ ಬೇರೆ ಕೊಳ್ಳಬೇಕಾದರೆ ಅದರ ಬೆಲೆಯನ್ನೂ ಕೂಡಿಸಿಯೇ ಹೋಲಿಸಿ.

ಒಮ್ಮೆಗೆ ಎಷ್ಟು ಸ್ವರ ನುಡಿಯುತ್ತದೆ ಎಂದು ತಪ್ಪದೆ ಕೇಳಿ. ಕೆಲವು ಒಂದೇ ಸ್ವರ ನುಡಿಯುತ್ತವೆ, ಅವು ಅಗ್ಗ. ನಮ್ಮ ಹಾಡುಗಳಿಗೆ ಒಂದು ಸ್ವರ ಸಾಕೆಂದು ಹೇಳುವವರಿದ್ದಾರೆ. ಎಡಗೈಯಲ್ಲಿ ಶ್ರುತಿ ಹಿಡಿದು ಬಲಗೈಯಲ್ಲಿ ನುಡಿಸಬೇಕಾದರೆ ಅದು ಸಾಲದು. ಎಡಬದಿಯಲ್ಲಿ ಸ್ವರವನ್ನು ಜಾರಿಸುವ ಪುಟ್ಟ ಚಕ್ರವಿದೆಯೇ ನೋಡಿ. ಅದಿಲ್ಲದೆ ಗಮಕವನ್ನು ಅನುಕರಿಸುವುದು ಬಹಳ ಕಷ್ಟ. ನಾನಾದರೆ ಇನ್ನೂರು ದನಿಗಳನ್ನು ಬಿಟ್ಟು ಆ ಒಂದು ಚಕ್ರವನ್ನೇ ಆರಿಸುತ್ತೇನೆ. ಬೊಂಬೆಗೆ ಮಾಡಿದಂಥ ಕಿರು ಮಣೆಗಳಲ್ಲಿ ಕಲಿತ ಬೆರಳು ದೊಡ್ಡ ಮಣೆಗಳ ಮೇಲೆ ತಡವರಿಸುತ್ತದೆ. ಹಳೆಯದನ್ನು ಕೊಳ್ಳುವುದಾದರೆ ಪ್ರತಿ ಮಣೆಯನ್ನೂ ಒಂದೊಂದಾಗಿ ಮೆಲ್ಲಗೆ ಮತ್ತು ಜೋರಾಗಿ ಒತ್ತಿ, ಗುಂಡಿಗಳನ್ನು ತಿರುಗಿಸಿ ಕರಕರ ಸದ್ದು ಬರುತ್ತದೆಯೇ ಕೇಳಿ. ಸೆಲ್ಲಿನಿಂದಲೂ ನಡೆಯುವುದಾದರೆ ಕರೆಂಟು ಹೋದ ಹೊತ್ತಿಗೆ ಒಳ್ಳೆಯದು.

ಅಡಾಪ್ಟರ್ ವಿಚಾರ ಮಾತ್ರ ಮರೆಯಬೇಡಿ. ಎಷ್ಟು ವೋಲ್ಟ್, ಪಿನ್ನಿನ ಒಳಭಾಗ ಧನವೋ ಋಣವೋ ಎಂಬುದು ವಾದ್ಯದ ಹಿಂದೆ ಸಣ್ಣ ಚಿತ್ರದಲ್ಲಿರುತ್ತದೆ. ಎಂ.ಎಸ್ಸಿ. ಓದಿದ ನಾನೇ ಅದನ್ನು ನೋಡದೆ 9 ವೋಲ್ಟ್‌ನ ಕೀಬೋರ್ಡಿಗೆ 12 ವೋಲ್ಟ್‌ನ ಅಡಾಪ್ಟರ್ ಚುಚ್ಚಿ, ಸುಟ್ಟ ವಾಸನೆ ಬಂದ ಮೇಲೆ ಕಿತ್ತಿದ್ದೇನೆ. ರಿಪೇರಿಗೆ 600 ರೂಪಾಯಿ ಆಯಿತು.