ಮುಖವಾಡದ ಹಿಂದಿದ್ದ ಸಜ್ಜನ: ಬೋರಿಸ್ ಕಾರ್ಲಾಫ್

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಬ್ಬ ಸಾಧಕರ ಬದುಕಿನ ಬಗ್ಗೆ ಬರೆದುಕೊಡಿ ಎಂದು ಸಂಪಾದಕ ಮಂಡಳಿಯ ಹಿರಿಯರು ಕೇಳಿದರು. ವಿಜ್ಞಾನಿಗಳು, ಕವಿಗಳು, ಸ್ವಾತಂತ್ರ್ಯ ಹೋರಾಟಗಾರರ ಬಗ್ಗೆ ನನಗಿಂತ ಚೆನ್ನಾಗಿ ಬರೆಯುವವರು ನಮ್ಮ ಶಾಲೆಯಲ್ಲಿ ಬಹಳ ಮಂದಿ ಇದ್ದಾರೆ. ನಾನು ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದವನು. ರಾತ್ರಿ ಪಾಳಿಯ ದಿನಗಳಲ್ಲಿ ಹಳೆಯ ಕಪ್ಪು-ಬಿಳುಪು ಇಂಗ್ಲಿಷ್ ಚಿತ್ರಗಳನ್ನು ನೋಡುವ ಹವ್ಯಾಸ ಹತ್ತಿತು. ಆ ಚಿತ್ರಗಳಿಂದ ನನಗೆ ಪರಿಚಯವಾದ ಒಬ್ಬ ಪೋಷಕ ನಟರ ಬದುಕನ್ನು ಇಲ್ಲಿ ಹೇಳುತ್ತೇನೆ.

ಅವರ ಹೆಸರು ನಿಮಗೆ ಗೊತ್ತಿಲ್ಲದಿರಬಹುದು. ಆದರೆ ಅವರು ತೊಟ್ಟ ವೇಷವನ್ನು ನೀವೆಲ್ಲರೂ ನೋಡಿದ್ದೀರಿ. ಚಪ್ಪಟೆ ತಲೆ, ಹಣೆಯ ಮೇಲೆ ಹೊಲಿಗೆಯ ಗುರುತು, ಕತ್ತಿನ ಎರಡೂ ಬದಿಗೆ ಬೋಲ್ಟು, ಭಾರವಾದ ಬೂಟು. ಮಕ್ಕಳ ಕಾರ್ಟೂನಿನಿಂದ ಹಿಡಿದು ಟೀ ಶರ್ಟಿನವರೆಗೆ ಎಲ್ಲೆಡೆ ಕಾಣುವ ದೈತ್ಯ ಅದು. ಜನ ಅದನ್ನು ಫ್ರಾಂಕೆನ್‌ಸ್ಟೈನ್ ಎಂದು ಕರೆಯುತ್ತಾರೆ. ನಿಜಕ್ಕೂ ಅದು ದೈತ್ಯನನ್ನು ಸೃಷ್ಟಿಸಿದ ವಿಜ್ಞಾನಿಯ ಹೆಸರು. ದೈತ್ಯನಿಗೆ ಹೆಸರೇ ಇಲ್ಲ. ಅಲ್ಲಿ ಇಲ್ಲಿಂದ ತಂದು ತೇಪೆ ಹಾಕಿದ ಪ್ರೋಗ್ರಾಮಿಗೆ ನಾವು ಇಂಜಿನಿಯರುಗಳು ಇಂದಿಗೂ ಅದೇ ಹೆಸರಿಟ್ಟು ತಮಾಷೆ ಮಾಡುತ್ತೇವೆ.

ಆ ವೇಷದ ಒಳಗಿದ್ದವರು ಬೋರಿಸ್ ಕಾರ್ಲಾಫ್. ಹುಟ್ಟಿದಾಗಿನ ಹೆಸರು ವಿಲಿಯಂ ಹೆನ್ರಿ ಪ್ರ್ಯಾಟ್. 1887ರ ನವೆಂಬರ್ 23ರಂದು ಲಂಡನ್ನಿನ ಕ್ಯಾಂಬರ್‌ವೆಲ್ ಭಾಗದಲ್ಲಿ ಜನಿಸಿದರು. ಒಂಬತ್ತು ಮಕ್ಕಳಲ್ಲಿ ಕೊನೆಯವರು. ತಂದೆ ಬ್ರಿಟಿಷ್ ಭಾರತದ ಉಪ್ಪಿನ ತೆರಿಗೆ ಇಲಾಖೆಯಲ್ಲಿ ಅಧಿಕಾರಿಯಾಗಿದ್ದವರು. ಕುಟುಂಬದಲ್ಲಿ ಭಾರತೀಯ ರಕ್ತವೂ ಇತ್ತು. ಸಿಯಾಮ್ ದೇಶದ ಅರಮನೆಯಲ್ಲಿ ಪಾಠ ಹೇಳಿ ಪ್ರಸಿದ್ಧರಾದ ಅನ್ನಾ ಲಿಯೋನೊವೆನ್ಸ್ ಅವರ ಅಜ್ಜಿಯ ತಂಗಿ; ಆಕೆ ಹುಟ್ಟಿದ್ದು ನಮ್ಮ ನೆರೆಯ ಮಹಾರಾಷ್ಟ್ರದ ಅಹಮದ್‌ನಗರದಲ್ಲಿ.

ಹುಡುಗನಿಗೆ ಮಾತು ಉಗ್ಗುತ್ತಿತ್ತು. 'ಸ' ಅಕ್ಷರ ಸರಿಯಾಗಿ ಹೊರಡುತ್ತಿರಲಿಲ್ಲ. ಕಾಲು ಸೊಟ್ಟಗಿತ್ತು. ಮೈಬಣ್ಣ ಉಳಿದ ಇಂಗ್ಲಿಷ್ ಹುಡುಗರಿಗಿಂತ ಕಂದು. ಚಿಕ್ಕಂದಿನಲ್ಲೇ ತಂದೆ ತಾಯಿಯ ಆಸರೆ ತಪ್ಪಿ ಅಣ್ಣಂದಿರು, ಅಕ್ಕನ ಆಶ್ರಯದಲ್ಲಿ ಬೆಳೆದರು. ಅಣ್ಣಂದಿರು ದೊಡ್ಡ ಸರ್ಕಾರಿ ಹುದ್ದೆಗಳಲ್ಲಿದ್ದರು. ಅವರಲ್ಲಿ ಒಬ್ಬರು ಚೀನಾದಲ್ಲಿ ರಾಜತಾಂತ್ರಿಕರಾಗಿ ಮುಂದೆ ಸರ್ ಪದವಿಯನ್ನೂ ಪಡೆದರು. ಕೊನೆಯ ತಮ್ಮನೂ ಅದೇ ದಾರಿ ಹಿಡಿಯಲಿ ಎಂದು ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಸೇರಿಸಿದರು. ಹುಡುಗನ ಮನಸ್ಸೆಲ್ಲ ನಾಟಕದಲ್ಲಿತ್ತು. ಮನೆಯವರು ಆರಿಸಿದ ಕೋರ್ಸು ಒಂದು, ಮನಸ್ಸು ಬೇಡುವುದು ಇನ್ನೊಂದು: ಈ ಇಕ್ಕಟ್ಟು ನಮ್ಮ ಹಳ್ಳಿಯ ಮಕ್ಕಳಿಗೂ ಹೊಸದಲ್ಲ.

1909ರಲ್ಲಿ ಓದು ಬಿಟ್ಟು ಕೆನಡಾಕ್ಕೆ ಹಡಗು ಹತ್ತಿದರು. ಮೊದಲು ಹೊಲದಲ್ಲಿ ಕೂಲಿ ಮಾಡಿದರು. ಆಮೇಲೆ ಊರೂರು ತಿರುಗುವ ನಾಟಕ ಕಂಪನಿಗಳನ್ನು ಸೇರಿದರು. ನಮ್ಮ ವೃತ್ತಿ ರಂಗಭೂಮಿಯ ಕ್ಯಾಂಪುಗಳಂತೆಯೇ ಅವರದ್ದೂ ಪಾಡು: ಕಲೆಕ್ಷನ್ ಆದರೆ ಊಟ, ಇಲ್ಲದಿದ್ದರೆ ಇಲ್ಲ. ಪ್ರ್ಯಾಟ್ ಎಂಬ ಮನೆತನದ ಹೆಸರು ಬಿಟ್ಟು ಬೋರಿಸ್ ಕಾರ್ಲಾಫ್ ಆದದ್ದು ಈ ಕಾಲದಲ್ಲಿ. ಉಗ್ಗನ್ನು ಅಭ್ಯಾಸದಿಂದ ಹತೋಟಿಗೆ ತಂದುಕೊಂಡರು. 'ಸ' ಅಕ್ಷರದ ತೊಡಕು ಮಾತ್ರ ಕೊನೆಯವರೆಗೂ ಉಳಿಯಿತು. ಅದನ್ನು ಅವರು ಮುಚ್ಚಿಡಲು ಹೋಗಲಿಲ್ಲ. ಕೊನೆಕೊನೆಗೆ ಅದೇ ಅವರ ದನಿಯ ಗುರುತಾಯಿತು.

ಹಾಲಿವುಡ್ಡಿಗೆ ಬಂದ ಮೇಲೂ ಕೈ ಹಿಡಿದದ್ದು ಗುಂಪಿನ ದೃಶ್ಯಗಳು, ಸಣ್ಣಪುಟ್ಟ ಖಳ ಪಾತ್ರಗಳು. ಕಂದು ಬಣ್ಣದ ಕಾರಣ ಅರಬ್ಬ, ಭಾರತೀಯ ಮುಂತಾದ ವೇಷಗಳನ್ನೇ ಕೊಡುತ್ತಿದ್ದರು. ಪಾತ್ರ ಸಿಗದ ದಿನಗಳಲ್ಲಿ ಲಾರಿ ಓಡಿಸಿದರು, ಮೂಟೆ ಹೊತ್ತರು. ಸುಮಾರು 80 ಚಿತ್ರಗಳಲ್ಲಿ ಕಾಣಿಸಿಕೊಂಡರೂ ಹೆಸರು ಹಿಡಿದು ಗುರುತಿಸುವವರು ಇರಲಿಲ್ಲ. 1931ರ 'ದಿ ಕ್ರಿಮಿನಲ್ ಕೋಡ್' ಚಿತ್ರದ ಕೈದಿಯ ಪಾತ್ರ ಸ್ವಲ್ಪ ಗಮನ ಸೆಳೆಯಿತು. ಅದೇ ವರ್ಷ ಯೂನಿವರ್ಸಲ್ ಸ್ಟುಡಿಯೋದ ಊಟದ ಮನೆಯಲ್ಲಿ ನಿರ್ದೇಶಕ ಜೇಮ್ಸ್ ವೇಲ್ ಅವರ ಮುಖವನ್ನು ನೋಡಿ ದೈತ್ಯನ ಪಾತ್ರದ ಪರೀಕ್ಷೆಗೆ ಕರೆದರು.

ಜ್ಯಾಕ್ ಪಿಯರ್ಸ್ ಎಂಬ ಪ್ರಸಾಧನ ಕಲಾವಿದರು ದಿನವೂ ಸುಮಾರು ನಾಲ್ಕು ಗಂಟೆ ಕೂತು ಬಣ್ಣ ಹಚ್ಚುತ್ತಿದ್ದರು. ಕಾರ್ಲಾಫ್ ಬಾಯಿಯೊಳಗಿನ ಕಟ್ಟಿಸಿದ ಹಲ್ಲನ್ನು ತೆಗೆದು ಕೆನ್ನೆ ಗುಳಿ ಬೀಳುವಂತೆ ಮಾಡಿಕೊಂಡರು. ಬೇಸಿಗೆಯ ಸೆಕೆ, ದಪ್ಪ ಉಡುಪು, ಮಣಭಾರದ ಬೂಟು. ಒಮ್ಮೆ ಚಿತ್ರೀಕರಣ 25 ಗಂಟೆ ಎಡೆಬಿಡದೆ ನಡೆಯಿತು. ಸಹನಟನನ್ನು ಹೆಗಲ ಮೇಲೆ ಹೊತ್ತು ಗುಡ್ಡ ಹತ್ತುವ ದೃಶ್ಯವನ್ನು ಮತ್ತೆ ಮತ್ತೆ ತೆಗೆದದ್ದರಿಂದ ಬೆನ್ನಿಗೆ ಪೆಟ್ಟಾಗಿ ಆ ನೋವು ಜೀವನಪೂರ್ತಿ ಕಾಡಿತು.

ಆ ಪಾತ್ರಕ್ಕೆ ಮಾತೇ ಇಲ್ಲ. ಕಣ್ಣು ಮತ್ತು ಕೈಗಳಿಂದಲೇ ಎಲ್ಲವನ್ನೂ ಹೇಳಬೇಕು. ಚಾವಣಿಯಿಂದ ಬೀಳುವ ಬಿಸಿಲನ್ನು ಮೊದಲ ಸಲ ಕಂಡ ದೈತ್ಯ ಅದನ್ನು ಹಿಡಿಯಲು ಎರಡೂ ಕೈ ಚಾಚುವ ದೃಶ್ಯ ನೋಡಿದಾಗ ನನಗೆ ಭಯವಾಗಲಿಲ್ಲ, ಹೊಟ್ಟೆ ಚುರುಕ್ ಎಂದಿತು. ಯಾರಿಗೂ ಬೇಡವಾದ ಮಗು ಅದು. ಮಾತು ಹೊರಡದೆ ಒದ್ದಾಡುವುದೇನೆಂದು ಬಲ್ಲವರು ಮಾತ್ರ ಹಾಗೆ ಅಭಿನಯಿಸಬಲ್ಲರು ಎಂದು ನನ್ನ ಅನಿಸಿಕೆ.

ಚಿತ್ರದ ಆರಂಭದಲ್ಲಿ ನಟರ ಪಟ್ಟಿ ಬರುವಾಗ ದೈತ್ಯನ ಪಾತ್ರದ ಮುಂದೆ ಬರೀ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಮೊದಲ ವಿಶೇಷ ಪ್ರದರ್ಶನಕ್ಕೆ ಅವರನ್ನು ಕರೆಯಲೂ ಇಲ್ಲ. ಆದರೆ ಚಿತ್ರ ಬಿಡುಗಡೆಯಾದ ಮೇಲೆ ಜನ ಕೇಳಿದ್ದು ಆ ಪ್ರಶ್ನಾರ್ಥಕ ಚಿಹ್ನೆಯ ಹಿಂದಿರುವವರು ಯಾರು ಎಂದೇ. ಆಗ ಅವರಿಗೆ 44 ವರ್ಷ. ಮುಂದೆ 'ದಿ ಮಮ್ಮಿ' (1932), 'ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್' (1935) ಬಂದವು. 1933ರಲ್ಲಿ ಚಿತ್ರೀಕರಣಕ್ಕಾಗಿ ಇಂಗ್ಲೆಂಡಿಗೆ ಮರಳಿದಾಗ ಮನೆತನದ ಮಾನ ಕಳೆದೆನೆಂದು ಅಣ್ಣಂದಿರು ಮುಖ ತಿರುಗಿಸುತ್ತಾರೋ ಎಂಬ ಅಳುಕು ಅವರಿಗಿತ್ತು. ಅಣ್ಣಂದಿರು ಸಂತೋಷದಿಂದ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು.

ನನಗೆ ಅವರ ಮೇಲೆ ಗೌರವ ಹೆಚ್ಚಾದದ್ದು ಇನ್ನೊಂದು ಕಾರಣಕ್ಕೆ. ಅದೇ 1933ರಲ್ಲಿ ನಟರ ಸಂಘವಾದ ಸ್ಕ್ರೀನ್ ಆ್ಯಕ್ಟರ್ಸ್ ಗಿಲ್ಡ್ ಆರಂಭವಾಯಿತು. ಅದನ್ನು ಕಟ್ಟಿದ ಮೊದಲಿಗರಲ್ಲಿ ಕಾರ್ಲಾಫ್ ಒಬ್ಬರು. ಅವರ ಸದಸ್ಯ ಸಂಖ್ಯೆ 9. ಆಗ ಸ್ಟುಡಿಯೋ ಮಾಲೀಕರನ್ನು ಎದುರು ಹಾಕಿಕೊಂಡರೆ ಅನ್ನಕ್ಕೇ ಕಲ್ಲು ಬೀಳುವ ಕಾಲ. ಅವರಿಗೆ ಒಳ್ಳೆಯ ದಿನ ಬಂದಾಗಿತ್ತು, ಸುಮ್ಮನಿದ್ದಿದ್ದರೆ ನಷ್ಟವೇನೂ ಇರಲಿಲ್ಲ. ಗುಂಪಿನ ದೃಶ್ಯದಲ್ಲಿ ನಿಲ್ಲುವ ಬಡ ನಟರ ಕೆಲಸದ ವೇಳೆಗೆ ಒಂದು ಮಿತಿ ಬರಲೆಂದು ಅವರು ಮುಂದೆ ಬಂದರು. ಹೊತ್ತು ಗೊತ್ತಿಲ್ಲದೆ ದುಡಿಯುವ ನಮ್ಮಂಥ ಐಟಿ ನೌಕರರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು.

1941ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯಲ್ಲಿ 'ಆರ್ಸೆನಿಕ್ ಆ್ಯಂಡ್ ಓಲ್ಡ್ ಲೇಸ್' ಎಂಬ ಹಾಸ್ಯ ನಾಟಕದಲ್ಲಿ ನಟಿಸಿದರು. ಅದರಲ್ಲಿ ಒಬ್ಬ ಕೊಲೆಗಾರನಿಗೆ, ನೀನು ಬೋರಿಸ್ ಕಾರ್ಲಾಫ್ ಥರ ಕಾಣುತ್ತೀಯ ಎಂದರೆ ಸಾಕು, ಸಿಟ್ಟು ನೆತ್ತಿಗೇರುತ್ತದೆ. ಆ ಪಾತ್ರ ಮಾಡಿದವರು ಸ್ವತಃ ಕಾರ್ಲಾಫ್! ತಮ್ಮನ್ನೇ ನೋಡಿ ನಗುವ ದೊಡ್ಡತನ ಅವರಿಗಿತ್ತು.

ಟೆಲಿವಿಷನ್ ಬಂದಾಗ ವಯಸ್ಸಾಯಿತೆಂದು ಕೂರಲಿಲ್ಲ. 'ಕರ್ನಲ್ ಮಾರ್ಚ್ ಆಫ್ ಸ್ಕಾಟ್ಲೆಂಡ್ ಯಾರ್ಡ್' ಸರಣಿಯಲ್ಲಿ ಪತ್ತೇದಾರರಾದರು. 1960ರಿಂದ 1962ರವರೆಗೆ 'ಥ್ರಿಲ್ಲರ್' ಸರಣಿಯ ನಿರೂಪಕರಾದರು. 1966ರಲ್ಲಿ ಮಕ್ಕಳ ಕಾರ್ಟೂನ್ ಚಿತ್ರ 'ಹೌ ದಿ ಗ್ರಿಂಚ್ ಸ್ಟೋಲ್ ಕ್ರಿಸ್‌ಮಸ್'ಗೆ ದನಿ ಕೊಟ್ಟರು. ಅದರ ಧ್ವನಿಮುದ್ರಿಕೆಗೆ ಗ್ರ್ಯಾಮಿ ಪ್ರಶಸ್ತಿ ಬಂತು. ಬಾಲ್ಯದಲ್ಲಿ ಉಗ್ಗುತ್ತಿದ್ದ ಹುಡುಗನ ದನಿಯಲ್ಲಿ ಇಂದಿಗೂ ಅಮೆರಿಕದ ಮಕ್ಕಳು ಪ್ರತಿ ಕ್ರಿಸ್‌ಮಸ್ಸಿಗೆ ಕಥೆ ಕೇಳುತ್ತಾರೆ.

ಕೊನೆಯ ವರ್ಷಗಳಲ್ಲಿ ಶ್ವಾಸಕೋಶ ಕೈಕೊಟ್ಟಿತು, ಕಾಲಿಗೆ ಆಧಾರಪಟ್ಟಿ ಬೇಕಾಯಿತು. ಆದರೂ 1968ರ 'ಟಾರ್ಗೆಟ್ಸ್' ಚಿತ್ರದಲ್ಲಿ ನಿವೃತ್ತಿಗೆ ಹೊರಟ ಹಳೆಯ ನಟನ ಪಾತ್ರವನ್ನು ಅದ್ಭುತವಾಗಿ ಮಾಡಿದರು. 1969ರ ಫೆಬ್ರವರಿ 2ರಂದು ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ, 81ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಈ ಸಂಚಿಕೆಯನ್ನು ಓದುವ ನಮ್ಮ ಶಾಲೆಯ ಗುರುವೃಂದಕ್ಕೆ ನನ್ನದೊಂದು ವಿನಂತಿ. ಪ್ರತಿ ತರಗತಿಯಲ್ಲೂ ಎದ್ದು ನಿಂತು ಉತ್ತರ ಹೇಳಲು ಹೆದರುವ, ಮಾತು ತಡವರಿಸುವ ಒಂದು ಮಗು ಇರುತ್ತದೆ. ವಾರ್ಷಿಕೋತ್ಸವದ ನಾಟಕಕ್ಕೆ ಹೆಸರು ಬರೆದುಕೊಳ್ಳುವಾಗ ಆ ಮಗುವಿನ ಹೆಸರನ್ನೂ ದಯವಿಟ್ಟು ಬರೆದುಕೊಳ್ಳಿ. ಮಾತಿಲ್ಲದ ಪಾತ್ರವಾದರೂ ಸರಿ.