ಬ್ರಿಸ್ಟಲಿನ ಜಾರ್ಜ್ ಮುಲ್ಲರರ ಪ್ರಾರ್ಥನಾ ಜೀವಿತ

ಪ್ರಾರ್ಥನೆಯನ್ನು ಆರಂಭಿಸುವದು ಕಷ್ಟವಲ್ಲ. ಅದನ್ನು ಬಿಡದೆ ನಡಿಸಿಕೊಂಡು ಹೋಗುವದೇ ಕಷ್ಟ. ದೀಕ್ಷಾಸ್ನಾನ ಹೊಂದಿದ ಹೊಸದರಲ್ಲಿ ನಮ್ಮಲ್ಲಿ ಅನೇಕರು ಕೋಳಿ ಕೂಗುವ ಮೊದಲೇ ಎದ್ದು ಮೊಣಕಾಲೂರಿದವರು. ಆಮೇಲೆ ಬಿತ್ತನೆಯ ಕಾಲ ಬಂದಿತು, ಎತ್ತಿಗೆ ಕಾಯಿಲೆಯಾಯಿತು, ಸಾಲ ಕೊಟ್ಟವನು ಬಾಗಲಿಗೆ ಬಂದು ನಿಂತನು. ಒಂದು ದಿನ ತಪ್ಪಿತು, ಮರುದಿನವೂ ತಪ್ಪಿತು. ಕಡೆಗೆ ಪ್ರಾರ್ಥನೆಯು ಆದಿತ್ಯವಾರದ ಆರಾಧನೆಗೆ ಮಾತ್ರ ಸೇರಿದ ಕಾರ್ಯವಾಯಿತು. ಬಿಡದೆ ಪ್ರಾರ್ಥಿಸುವವರಲ್ಲಿಯೂ ಕೆಲವರು, ಬಾಯಿ ಮಾತಾಡುತ್ತಿದ್ದರೂ ಮನಸ್ಸು ಹೊಲಗದ್ದೆಗಳಲ್ಲಿ ಅಲೆಯುತ್ತದೆಂದು ವ್ಯಸನಪಡುತ್ತಾರೆ. ಈ ಕೊರತೆಗೆ ನಾವೂ ಹೊರಗಾದವರಲ್ಲ. ಆದಕಾರಣ ಪ್ರಾರ್ಥನೆಯಲ್ಲಿ ಎಪ್ಪತ್ತು ವರುಷ ನೆಲೆಗೊಂಡಿದ್ದ ಒಬ್ಬ ದೇವಭಕ್ತನ ಚರಿತ್ರೆಯನ್ನು ಈ ಸಾರಿ ನಿಮ್ಮ ಮುಂದೆ ಇಡಲು ಮನಸ್ಸು ಮಾಡಿದ್ದೇವೆ. ಇವರು ಹುಟ್ಟಿನಿಂದಲೇ ಭಕ್ತರಾಗಿದ್ದವರಲ್ಲವೆಂಬದನ್ನು ವಾಚಕರು ಮೊದಲೇ ತಿಳಿಯಬೇಕು.

ಜಾರ್ಜ್ ಮುಲ್ಲರನು 1805ನೇ ಸೆಪ್ಟೆಂಬರ್ 27ರಂದು, ಈಗಿನ ಜರ್ಮನಿ ದೇಶಕ್ಕೆ ಸೇರಿದ ಪ್ರಷ್ಯ ಸೀಮೆಯ ಕ್ರೊಪ್ಪೆನ್‌ಸ್ಟೆಟ್ ಎಂಬ ಊರಲ್ಲಿ ಹುಟ್ಟಿದನು. ತಂದೆ ಸರಕಾರದ ಸುಂಕದ ಅಧಿಕಾರಿ. ಮಗನಿಗೆ ಹತ್ತು ವರುಷ ತುಂಬುವ ಮೊದಲೇ ತಂದೆಯ ವಶದಲ್ಲಿದ್ದ ಸರಕಾರದ ಹಣವನ್ನು ಕದಿಯುವ ಅಭ್ಯಾಸವಾಗಿತ್ತು. ಸಂಶಯಗೊಂಡ ತಂದೆ ಒಂದು ದಿನ ಹಣವನ್ನು ಎಣಿಸಿ ಇಟ್ಟು ಹೋದನು. ತಿರಿಗಿ ಬಂದು ಹುಡುಕಲಾಗಿ, ಕಳೆದ ಹಣವು ಹುಡುಗನ ಜೋಡಿನೊಳಗೆ ಪಾದದ ಅಡಿಯಲ್ಲಿ ಸಿಕ್ಕಿತು. ಅವನಿಗೆ ಹದಿನಾಲ್ಕು ವರುಷವಾಗಿದ್ದಾಗ ತಾಯಿ ತೀರಿಹೋದಳು. ಆಕೆಯು ಮರಣಾವಸ್ಥೆಯಲ್ಲಿದ್ದ ಆ ರಾತ್ರಿ, ಅದನ್ನರಿಯದ ಮಗನು ಎರಡು ಗಂಟೆಯ ವರೆಗೆ ಇಸ್ಪೀಟು ಆಡುತ್ತಾ ಕೂತಿದ್ದನು. 1821ನೇ ಡಿಸೆಂಬರಿನಲ್ಲಿ, ವಸತಿಗೃಹಗಳ ಹಣ ಕೊಡದೆ ತಪ್ಪಿಸಿಕೊಂಡದ್ದಕ್ಕಾಗಿ ಸೆರೆಮನೆಯನ್ನೂ ಕಂಡನು. ಇಂಥವನನ್ನು ತಂದೆಯು ಸಭಾಪಾಲಕನನ್ನಾಗಿ ಮಾಡಬೇಕೆಂದಿದ್ದನು. ಭಕ್ತಿಯ ನಿಮಿತ್ತವಲ್ಲ, ಆ ಉದ್ಯೋಗದಲ್ಲಿ ಸುಖವಾದ ಜೀವನವುಂಟೆಂಬ ನಿಮಿತ್ತವೇ. ವಿದ್ಯಾರ್ಥಿಯಾಗಿದ್ದಾಗ ಜಾರ್ಜನ ಬಳಿಯಲ್ಲಿ ಸುಮಾರು ಮುನ್ನೂರು ಪುಸ್ತಕಗಳಿದ್ದವು. ಸತ್ಯವೇದ ಮಾತ್ರ ಇರಲಿಲ್ಲ.

1825ರಲ್ಲಿ ಅವನು ಹಾಲೆ ಪಟ್ಟಣದ ವಿಶ್ವವಿದ್ಯಾಲಯಕ್ಕೆ ಸೇರಿದನು. ಈ ಪಟ್ಟಣಕ್ಕೂ ನಮ್ಮ ದಕ್ಷಿಣ ಹಿಂದೂದೇಶಕ್ಕೂ ಹಳೆಯ ಸಂಬಂಧವುಂಟು. 1706ರಲ್ಲಿ ತರಂಗಂಬಾಡಿಗೆ ಬಂದ ಸೀಗನ್‌ಬಾಲ್ಗರು ಹಾಲೆಯಲ್ಲಿ ಫ್ರಾಂಕೆ ಎಂಬ ಭಕ್ತರ ಬಳಿಯಲ್ಲಿ ಕಲಿತವರು. ಅದೇ ವರುಷದ ನವೆಂಬರ್ ತಿಂಗಳ ಒಂದು ಶನಿವಾರ ಸಂಜೆ, ಸ್ನೇಹಿತನೊಬ್ಬನು ಜಾರ್ಜನನ್ನು ವಾಗ್ನರ್ ಎಂಬ ವ್ಯಾಪಾರಿಯ ಮನೆಯಲ್ಲಿ ಕೂಡುತ್ತಿದ್ದ ಚಿಕ್ಕ ಪ್ರಾರ್ಥನಾಕೂಟಕ್ಕೆ ಕರಕೊಂಡು ಹೋದನು. ಅಲ್ಲಿ ಒಬ್ಬನು ಮೊಣಕಾಲೂರಿ ಪ್ರಾರ್ಥಿಸಿದನು. ಸಭಾಪಾಲಕನಾಗಲು ಓದುತ್ತಿದ್ದ ಈ ಯೌವನಸ್ಥನು ಅದುವರೆಗೆ ಯಾರೂ ಮೊಣಕಾಲೂರಿ ಪ್ರಾರ್ಥಿಸುವದನ್ನು ಕಂಡಿರಲಿಲ್ಲ. ಕಡೆಯಲ್ಲಿ ಆ ಮನೆಯ ಯಜಮಾನನು ಪ್ರಾರ್ಥಿಸಿದಾಗ, ತಾನು ಇವನಿಗಿಂತ ಎಷ್ಟೋ ಹೆಚ್ಚು ಓದಿದವನಾದರೂ ಇವನಂತೆ ಪ್ರಾರ್ಥಿಸಲಾರೆನೆಂಬ ಅರಿವು ಜಾರ್ಜನ ಹೃದಯವನ್ನು ತಟ್ಟಿತು. ಮನೆಗೆ ನಡೆಯುತ್ತಾ, ತಾನು ಈ ಮೊದಲು ಅನುಭವಿಸಿದ ಸಕಲ ಭೋಗಗಳೂ ಈ ಒಂದು ಸಂಜೆಗೆ ಸಮವಲ್ಲವೆಂದು ಸ್ನೇಹಿತನಿಗೆ ತಿಳಿಸಿದನು. ಅಕ್ಷರ ಬಾರದ ನಮ್ಮ ಸಹೋದರ ಸಹೋದರಿಯರು ಇದನ್ನು ಗಮನಿಸಲಿ. ಮುಂದೆ ಸಾವಿರಾರು ಜನರಿಗೆ ಪ್ರಾರ್ಥನೆಯನ್ನು ಕಲಿಸಿದವರಿಗೆ, ಪ್ರಾರ್ಥನೆಯ ಮೊದಲನೆಯ ಪಾಠವು ಪಾಂಡಿತ್ಯವಿಲ್ಲದ ಒಬ್ಬ ಮನುಷ್ಯನ ಬಾಯಿಂದ ಬಂದಿತು.

ಅಂದಿನಿಂದ ಎಲ್ಲವೂ ಸರಾಗವಾಯಿತೆಂದು ಎಣಿಸಬೇಡಿರಿ. ಮರುವರುಷ ಯೌವನದ ಒಂದು ಮೋಹವು ಮನಸ್ಸನ್ನು ಹಿಡಿಯಲು, ಕೆಲವು ವಾರಗಳ ಕಾಲ ಅವರ ಪ್ರಾರ್ಥನೆಯು ತಣ್ಣಗಾಗಿ ಬಹುಮಟ್ಟಿಗೆ ನಿಂತೇ ಹೋಯಿತು. ದೇವರು ಅವರನ್ನು ಕೈಬಿಡಲಿಲ್ಲ. ಸುವಾರ್ತಾಸೇವೆಗಾಗಿ ಸುಖವನ್ನು ತ್ಯಜಿಸಿದ್ದ ಇನ್ನೊಬ್ಬ ಯೌವನಸ್ಥನ ಮಾದರಿಯಿಂದ ಅವರನ್ನು ತಿರಿಗಿ ಎಬ್ಬಿಸಿದನು.

1829ರಲ್ಲಿ ಮುಲ್ಲರರು ಇಂಗ್ಲೆಂಡಿಗೆ ಬಂದರು. ಮರುವರುಷ ಟೀನ್‌ಮತ್ ಎಂಬ ಸಮುದ್ರತೀರದ ಊರಿನ ಸಭೆಗೆ ಪಾಲಕರಾಗಿ, ಮೇರಿ ಗ್ರೋವ್ಸ್ ಎಂಬ ಭಕ್ತೆಯನ್ನು ಮದುವೆಯಾದರು. ಅದೇ ಕಾಲದಲ್ಲಿ ಗಂಡಹೆಂಡರು ಗೊತ್ತಾದ ಸಂಬಳವನ್ನು ಬಿಟ್ಟು, ತಮ್ಮ ಕೊರತೆಯನ್ನು ದೇವರಿಗೆ ಮಾತ್ರ ತಿಳಿಸುವದಾಗಿಯೂ ಸಾಲ ಮಾಡುವದಿಲ್ಲವೆಂದೂ ನಿಶ್ಚಯಿಸಿಕೊಂಡರು. 1832ರಲ್ಲಿ ಬ್ರಿಸ್ಟಲ್ ಪಟ್ಟಣಕ್ಕೆ ಹೋಗಿ, ಜೀವಮಾನದ ಕಡೆಯ ವರೆಗೆ ಅದನ್ನೇ ತಮ್ಮ ಊರನ್ನಾಗಿ ಮಾಡಿಕೊಂಡರು.

ಅಲ್ಲಿ ಅವರು ಮನೆಮನೆಗೆ ಹೋಗಿ ವಿಚಾರಿಸುತ್ತಿದ್ದಾಗ, ದಿನಕ್ಕೆ ಹದಿನಾಲ್ಕು ಹದಿನಾರು ತಾಸು ದುಡಿಯುತ್ತಿದ್ದ ಒಬ್ಬ ಸಹೋದರನನ್ನು ಕಂಡರು. ಅವನ ದೇಹವು ಕೃಶವಾಗಿತ್ತು. ಆತ್ಮವು ಅದಕ್ಕಿಂತಲೂ ಕೃಶವಾಗಿತ್ತು. ಸ್ವಲ್ಪ ಕಡಿಮೆ ದುಡಿದು ವೇದವಾಚನಕ್ಕೂ ಪ್ರಾರ್ಥನೆಗೂ ಸಮಯ ಮಾಡಿಕೊಳ್ಳಬೇಕೆಂದು ಬೋಧಿಸಿದರೆ, ಈಗಲೇ ಹೊಟ್ಟೆಗೆ ಸಾಲದು, ಇನ್ನು ಕೆಲಸ ಕಡಿಮೆ ಮಾಡಿದರೆ ಹೆಂಡತಿ ಮಕ್ಕಳ ಗತಿ ಏನೆಂಬದೇ ಅವನ ಉತ್ತರವಾಗಿತ್ತು. ದೇವರು ಇಂದಿಗೂ ಪ್ರಾರ್ಥನೆಯನ್ನು ಕೇಳುವ ಜೀವವುಳ್ಳ ದೇವರೆಂದು ಇಂಥವರ ಕಣ್ಣಿಗೆ ಕಾಣುವಂತೆ ತೋರಿಸಬಲ್ಲ ಒಂದು ಸಾಕ್ಷಿ ತನ್ನ ಕೈಯಲ್ಲಿದ್ದರೆ ಒಳ್ಳೇದಿತ್ತೆಂದು ಮುಲ್ಲರರು ಹಂಬಲಿಸಿದರು. 1836ರಲ್ಲಿ ಅವರು ವಿಲ್ಸನ್ ಬೀದಿಯ ಒಂದು ಬಾಡಿಗೆ ಮನೆಯಲ್ಲಿ ಅನಾಥಶಾಲೆಯನ್ನು ತೆರೆದದ್ದು, ಮಕ್ಕಳ ಮೇಲಿನ ಕನಿಕರದಿಂದ ಮಾತ್ರವಲ್ಲ, ಮುಖ್ಯವಾಗಿ ಈ ಸಾಕ್ಷಿಗಾಗಿಯೇ.

ಸಾಕ್ಷಿಗೆ ಶೋಧನೆಯೂ ಬಂದಿತು. 1838ರಲ್ಲಿ ಅನಾಥಶಾಲೆಯ ಹಣವೆಲ್ಲಾ ಮುಗಿದು, ಆ ದಿನದ ಊಟಕ್ಕೆ ಆ ದಿನವೇ ದೇವರನ್ನು ನೋಡಬೇಕಾಯಿತು. ಮುಲ್ಲರರೂ ಜೊತೆ ಸೇವಕರೂ ದಿನಾಲು ಕೂಡಿ ಪ್ರಾರ್ಥಿಸಿದರು. ಸೆಪ್ಟೆಂಬರಿನ ಒಂದು ದಿನ ಕೈಯಲ್ಲಿ ಏನೂ ಇಲ್ಲದ ವೇಳೆಯಲ್ಲಿ, ಹುಡುಗರ ಶಾಲೆಯ ಪಕ್ಕದ ಮನೆಯಲ್ಲಿ ತಂಗಿದ್ದ ಒಬ್ಬ ಹೆಂಗಸು, ಲಂಡನಿನಲ್ಲಿದ್ದ ತನ್ನ ಮಗಳು ಕಳುಹಿಸಿದ್ದ ಹಣವನ್ನು ತಂದು ಕೊಟ್ಟಳು. ಅವಳು ಬಂದು ಆಗಲೇ ಹಲವು ದಿನಗಳಾಗಿದ್ದವು. ಗೋಡೆಯ ಆಚೆ ಹಣವಿತ್ತು. ಈಚೆ ಅದಕ್ಕಾಗಿ ಪ್ರಾರ್ಥನೆ ನಡೆಯುತ್ತಿತ್ತು. ಸಹಾಯ ಮಾಡಲು ದೇವರಿಗೆ ಮೊದಲಿಂದಲೂ ಮನಸ್ಸಿತ್ತೆಂದೂ, ಮಕ್ಕಳ ಬೇಡಿಕೆಯನ್ನು ಕೇಳುವದರಲ್ಲಿ ಆತನಿಗೆ ಸಂತೋಷವಿದ್ದದರಿಂದಲೇ ತಡಮಾಡಿದನೆಂದೂ ಮುಲ್ಲರರು ಗ್ರಹಿಸಿಕೊಂಡರು.

ಇಷ್ಟೆಲ್ಲಾ ಕಂಡವರಿಗೂ ಪ್ರಾರ್ಥನೆಯಲ್ಲಿ ಒಂದು ಕೊರತೆಯಿತ್ತು. ನಾವು ಈ ಚರಿತ್ರೆಯನ್ನು ಬರೆಯಲು ಮುಖ್ಯ ಕಾರಣವು ಇದೇ. ಹತ್ತು ವರುಷಗಳಿಂದಲೂ ಅವರು ಮುಂಜಾನೆ ಎದ್ದೊಡನೆ ಪ್ರಾರ್ಥನೆಗೆ ಮೊಣಕಾಲೂರುತ್ತಿದ್ದರು. ಆದರೆ ಅನೇಕ ದಿನಗಳಲ್ಲಿ ಕಾಲು ತಾಸು, ಅರ್ಧ ತಾಸು ಮನಸ್ಸು ಎಲ್ಲೆಲ್ಲಿಯೋ ಅಲೆದು, ಆಮೇಲೆಯೇ ನಿಜವಾದ ಪ್ರಾರ್ಥನೆಯು ಆರಂಭವಾಗುತ್ತಿತ್ತು. 1841ನೇ ವರುಷ ನೇಲ್ಸ್‌ವರ್ತ್ ಎಂಬ ಊರಲ್ಲಿ ಇಳುಕೊಂಡಿದ್ದಾಗ ಅವರಿಗೆ ಒಂದು ಸಂಗತಿ ತಿಳಿಯಬಂದಿತು. ದೇವರ ಸೇವೆ ಮಾಡುವದಕ್ಕಿಂತಲೂ ಮೊದಲು, ಬೇರೆಯವರಿಗೆ ಬೋಧಿಸುವದಕ್ಕಿಂತಲೂ ಮೊದಲು, ತನ್ನ ಸ್ವಂತ ಆತ್ಮವು ಕರ್ತನಲ್ಲಿ ತೃಪ್ತಿ ಹೊಂದಬೇಕು. ಆ ತೃಪ್ತಿಗೆ ಆಹಾರವು ದೇವರ ವಾಕ್ಯವೇ. ಆದಕಾರಣ ಅವರು ಕ್ರಮವನ್ನು ಬದಲಾಯಿಸಿದರು. ಕರ್ತನ ಆಶೀರ್ವಾದವನ್ನು ಎರಡು ಮಾತುಗಳಲ್ಲಿ ಬೇಡಿ, ಹೊಸ ಒಡಂಬಡಿಕೆಯನ್ನು ತೆರೆದು, ಒಂದೊಂದು ವಚನವನ್ನೂ ನಿಧಾನವಾಗಿ ಧ್ಯಾನಿಸತೊಡಗಿದರು. ಪ್ರಸಂಗಕ್ಕೆ ವಿಷಯ ಹುಡುಕಲಿಲ್ಲ. ತಮ್ಮ ಆತ್ಮಕ್ಕೆ ಊಟ ಹುಡುಕಿದರು. ಹೀಗೆ ಮಾಡಲಾಗಿ ಕೆಲವೇ ನಿಮಿಷಗಳಲ್ಲಿ ಒಂದು ವಚನವು ಪಾಪವನ್ನು ಅರಿಕೆ ಮಾಡಿಸಿತು, ಒಂದು ಸ್ತೋತ್ರ ಹುಟ್ಟಿಸಿತು, ಒಂದು ಬೇರೆಯವರಿಗಾಗಿ ಬೇಡಿಸಿತು. ಪ್ರಾರ್ಥನೆಯನ್ನು ಎಳೆದು ತರಬೇಕಾಗಿರಲಿಲ್ಲ. ವಾಕ್ಯದಿಂದ ಅದು ತಾನಾಗಿಯೇ ಹೊರಟಿತು. ದೊಡ್ಡ ಅಕ್ಷರದ ಹೊಸ ಒಡಂಬಡಿಕೆಯನ್ನು ಕೈಯಲ್ಲಿ ಹಿಡಿದು ಬೆಳಿಗ್ಗೆ ಹೊಲಗಳಲ್ಲಿ ನಡೆಯುತ್ತಾ ಧ್ಯಾನಿಸುವದೂ ಅವರಿಗೆ ರೂಢಿಯಾಗಿತ್ತು.

ಮೇವು ನೀರು ತೋರಿಸದೆ ಎತ್ತುಗಳನ್ನು ನೇಗಿಲಿಗೆ ಕಟ್ಟುವ ರೈತನುಂಟೋ? ಆದರೂ ನಾವು ಹಸಿದ ಆತ್ಮವನ್ನು ಹಾಗೆಯೇ ಪ್ರಾರ್ಥನೆಯ ನೊಗಕ್ಕೆ ಹೂಡಿ, ಅದು ಮುಂದೆ ಸಾಗುವದಿಲ್ಲವೆಂದು ಗೊಣಗುತ್ತೇವೆ.

ಅದೇ ವರುಷದ ಡಿಸೆಂಬರಿನಲ್ಲಿ ಈ ಹೊಸ ಕ್ರಮಕ್ಕೆ ಪರೀಕ್ಷೆ ಬಂದಿತು. ಅನಾಥಶಾಲೆಯ ವಾರ್ಷಿಕ ವರದಿಯನ್ನು ಪ್ರಕಟಿಸುವ ಸಮಯ ಅದು. ಹಣವೋ ಬಹಳ ಕಡಿಮೆಯಾಗಿತ್ತು. ವರದಿಯನ್ನು ಹೊರಡಿಸಿದರೆ ಸಹಾಯ ಬರಬಹುದಾಗಿತ್ತು. ಆದರೆ ಅದು ಮನುಷ್ಯರ ಮುಂದೆ ಕೈಚಾಚಿದಂತಾಗುವದೆಂದು ಮುಲ್ಲರರು ಆ ವರದಿಯನ್ನೂ ಸಭಾಕೂಟಗಳನ್ನೂ ಬೇಕೆಂದೇ ಮುಂದಕ್ಕೆ ಹಾಕಿದರು. ಮುಂದಿನ ಕೆಲವು ತಿಂಗಳು ಬಹು ಇಕ್ಕಟ್ಟಿನಲ್ಲಿ ಕಳೆದವು. ಆದರೂ ಮಕ್ಕಳಿಗೆ ಊಟ ತಪ್ಪಲಿಲ್ಲ.

ಕಾಲಕ್ರಮದಲ್ಲಿ ಕೆಲಸವು ಬೆಳೆಯಿತು. 1849ರಲ್ಲಿ ಆಶ್ಲಿ ಡೌನ್ ಎಂಬ ಗುಡ್ಡದ ಮೇಲೆ ಮೊದಲನೆಯ ದೊಡ್ಡ ಮನೆಯು ಎದ್ದಿತು. 1870ರೊಳಗೆ ಐದು ಮನೆಗಳಾಗಿ 2,050 ಮಕ್ಕಳಿಗೆ ಸ್ಥಳವಾಯಿತು. 1857ರ ಚಳಿಗಾಲದಲ್ಲಿ ಮುನ್ನೂರು ಮಕ್ಕಳಿದ್ದ ಮನೆಯನ್ನು ಬೆಚ್ಚಗಿಡುವ ನೀರಿನ ಹಂಡೆಯು ಸೋರತೊಡಗಿತು. ಅದನ್ನು ಸರಿಮಾಡಲು ಬೆಂಕಿಯನ್ನು ಆರಿಸಬೇಕು. ದಿನವನ್ನು ಗೊತ್ತುಮಾಡಿದ ಮೇಲೆ ಕೊರೆಯುವ ಬಡಗಣ ಗಾಳಿಯು ಬೀಸಿತು. ಮುಲ್ಲರರು ಎರಡನ್ನು ಬೇಡಿದರು: ಗಾಳಿಯು ತೆಂಕಣ ದಿಕ್ಕಿಗೆ ತಿರುಗಬೇಕು, ನೆಹೆಮೀಯನ ದಿನಗಳಲ್ಲಿ ಇದ್ದಂತೆ ಕೆಲಸಗಾರರಿಗೆ ದುಡಿಯುವ ಮನಸ್ಸು ಇರಬೇಕು. ಗೊತ್ತಾದ ದಿನ ತೆಂಕಣ ಗಾಳಿ ಬೀಸಿ ಹವೆಯು ಬೆಚ್ಚಗಾಯಿತು. ಸಂಜೆಗೆ ಕೆಲಸಗಾರರು ತಾವಾಗಿಯೇ ರಾತ್ರಿಯೆಲ್ಲಾ ದುಡಿಯಲು ಒಪ್ಪಿದರು. ಸುಮಾರು ಮೂವತ್ತು ತಾಸುಗಳಲ್ಲಿ ಕೆಲಸ ಮುಗಿಯಿತು.

ಎಲ್ಲಾ ಪ್ರಾರ್ಥನೆಗಳಿಗೂ ಉತ್ತರವು ಇಷ್ಟು ಬೇಗ ಬರಲಿಲ್ಲ. 1844ನೇ ನವೆಂಬರಿನಲ್ಲಿ ಅವರು ಐದು ಜನರ ಮಾನಸಾಂತರಕ್ಕಾಗಿ ಪ್ರಾರ್ಥಿಸತೊಡಗಿದರು. ರೋಗವಿರಲಿ ಆರೋಗ್ಯವಿರಲಿ, ನೆಲದ ಮೇಲಿರಲಿ ಹಡಗಿನಲ್ಲಿರಲಿ, ಒಂದು ದಿನವೂ ಬಿಡಲಿಲ್ಲ. ಹದಿನೆಂಟು ತಿಂಗಳ ಮೇಲೆ ಒಬ್ಬನು ತಿರುಗಿಕೊಂಡನು. ಮತ್ತೆ ಐದು ವರುಷಗಳ ಮೇಲೆ ಎರಡನೆಯವನು. ಮತ್ತೆ ಆರು ವರುಷಗಳ ಮೇಲೆ ಮೂರನೆಯವನು. ಸುಮಾರು ಮೂವತ್ತಾರು ವರುಷಗಳಾದಾಗಲೂ ಉಳಿದ ಇಬ್ಬರು ಮನಸ್ಸು ತಿರುಗಿಸಿರಲಿಲ್ಲ. ಮುಲ್ಲರರು ಪ್ರಾರ್ಥಿಸುತ್ತಲೇ ಇದ್ದರು.

ದುಃಖವೂ ಅವರ ಮನೆಯನ್ನು ಬಿಡಲಿಲ್ಲ. 1870ನೇ ಫೆಬ್ರವರಿಯಲ್ಲಿ, ನಾಲ್ವತ್ತು ವರುಷ ತಮ್ಮೊಡನೆ ಮೊಣಕಾಲೂರಿದ ಹೆಂಡತಿಯನ್ನು ಕಳಕೊಂಡರು. ಆಕೆಗಾಗಿ ಬೇಡಿದವರೇ ಆಕೆಯ ಶವಸಂಸ್ಕಾರದಲ್ಲಿ ದೇವರ ಒಳ್ಳೇತನವನ್ನು ಕುರಿತು ಪ್ರಸಂಗಿಸಿದರು. ಎಪ್ಪತ್ತನೆಯ ವಯಸ್ಸಿನಿಂದ ಹದಿನೇಳು ವರುಷ ದೇಶದೇಶಗಳನ್ನು ಸುತ್ತಿ ಬೋಧಿಸಿದರು. ನಮ್ಮ ಹಿಂದೂದೇಶಕ್ಕೂ ಎರಡು ಸಾರಿ ಬಂದರು. ಎರಡನೆಯ ಸಾರಿ, 1890ನೇ ಜನವರಿಯಲ್ಲಿ ಜಬಲ್ಪುರದಲ್ಲಿದ್ದಾಗ, ಒಬ್ಬಳೇ ಮಗಳಾದ ಲಿಡಿಯಳು ತೀರಿಹೋದ ತಂತಿಯು ಬಂದಿತು. ಆಗ ಅವರಿಗೆ ಎಂಭತ್ತನಾಲ್ಕು ವರುಷ. ಬೇಡಿದ್ದೆಲ್ಲವೂ ದೊರೆಯುತ್ತದೆಂದು ಅವರು ಪ್ರಾರ್ಥಿಸಿದವರಲ್ಲ. ತಂದೆಯು ಒಳ್ಳೆಯವನೆಂದು ಪ್ರಾರ್ಥಿಸಿದವರು.

1898ನೇ ಮಾರ್ಚ್ 9ರ ಸಂಜೆ ಅವರು ಎಂದಿನಂತೆ ಪ್ರಾರ್ಥನಾಕೂಟದಲ್ಲಿದ್ದರು. ಮರುದಿನ ಮುಂಜಾನೆ ಚಹಾ ತಂದವರು ಬಾಗಲು ತೆರೆದಾಗ, ಅವರು ಹಾಸಿಗೆಯ ಬಳಿಯಲ್ಲಿ ನೆಲದ ಮೇಲೆ ಬಿದ್ದಿದ್ದರು. ಆತ್ಮವು ಕರ್ತನ ಬಳಿಗೆ ಸೇರಿತ್ತು. ಸುಮಾರು ಹದಿನೈದು ಲಕ್ಷ ಪೌಂಡು ಅವರ ಕೈಯಿಂದ ದಾಟಿತ್ತು, ಸುಮಾರು ಹತ್ತು ಸಾವಿರ ಅನಾಥರು ಆ ಮನೆಗಳಲ್ಲಿ ಬೆಳೆದಿದ್ದರು. ಅವರ ಸ್ವಂತ ಆಸ್ತಿಯೋ ಇನ್ನೂರು ಪೌಂಡನ್ನೂ ಮುಟ್ಟಲಿಲ್ಲ. ಆಶ್ಲಿ ಡೌನಿನ ಆ ದೊಡ್ಡ ಮನೆಗಳು 1958ರಲ್ಲಿ ಬೇರೆಯವರ ವಶಕ್ಕೆ ಹೋದವು. ಕಲ್ಲಿನ ಕಟ್ಟಡಗಳು ಕೈ ಬದಲಾಯಿಸುತ್ತವೆ; ನೇಲ್ಸ್‌ವರ್ತಿನಲ್ಲಿ ಅವರು ಕಲಿತ ಪಾಠವನ್ನು ಯಾರಾದರೂ ತಮ್ಮದಾಗಿ ಮಾಡಿಕೊಳ್ಳಬಹುದು.

ಪ್ರಿಯರೇ, ನಾವು ಅನಾಥಶಾಲೆ ಕಟ್ಟಬೇಕಾದವರಲ್ಲ. ಆದರೆ ಹದಿನಾರು ತಾಸು ದುಡಿಯುತ್ತಿದ್ದ ಆ ಸಹೋದರನು ನಮ್ಮ ಸಭೆಗಳಲ್ಲಿಯೂ ಇದ್ದಾನೆ. ಅನೇಕ ಸಾರಿ ನಾವೇ ಅವನು. ಆದಕಾರಣ ನಾಳೆ ಮುಂಜಾನೆ ಹಟ್ಟಿಯ ಕೆಲಸಕ್ಕೆ ಮುಂಚೆ, ಒಲೆ ಹಚ್ಚುವದಕ್ಕೆ ಮುಂಚೆ, ನಾಲ್ಕು ವಚನಗಳನ್ನು ಓದೋಣ. ಓದಲು ಬಾರದವರು ಶಾಲೆಗೆ ಹೋಗುವ ಮಗುವಿನಿಂದ ಹಿಂದಿನ ರಾತ್ರಿಯೇ ಒಂದು ವಚನವನ್ನು ಓದಿಸಿ, ಬಾಯಿಪಾಠ ಮಾಡಿಕೊಂಡು ಮಲಗಲಿ. ಬೆಳಿಗ್ಗೆ ಅದೇ ಅವರಿಗೆ ಊಟವಾಗುವದು. ಆ ವಚನವು ನಮಗೆ ಏನು ಹೇಳುತ್ತದೋ ಅದನ್ನೇ ದೇವರಿಗೆ ತಿರಿಗಿ ಹೇಳೋಣ. ಇನ್ನೂ ಕರ್ತನನ್ನು ಅರಿಯದ ಒಬ್ಬಿಬ್ಬರ ಹೆಸರನ್ನು ಹಿಡಿದು ಪ್ರತಿದಿನ ಬೇಡೋಣ. ವರುಷಗಳು ಕಳೆದರೂ ಆ ಹೆಸರನ್ನು ಬಿಡದಿರೋಣ. ಒಂದು ದಿನ ತಪ್ಪಿದರೆ ನಾಚಿಕೆಯಿಂದ ದೂರ ನಿಲ್ಲದೆ ಮರುದಿನ ತಿರಿಗಿ ಬರೋಣ. ಹಾಲೆಯಲ್ಲಿ ತಣ್ಣಗಾದವರನ್ನು ಎಬ್ಬಿಸಿದ ದೇವರು ನಮ್ಮನ್ನೂ ಎಬ್ಬಿಸಲು ಶಕ್ತನು. ಆತನ ಕೃಪೆಯು ನಮ್ಮೆಲ್ಲರ ಮನೆಗಳಲ್ಲಿ ನೆಲೆಗೊಂಡಿರಲಿ.