ಸೆರೆಮನೆಯಲ್ಲಿ ಉಳಿದ ವಿದ್ಯೆ

ಮಳೆಗಾಲದಲ್ಲಿ ಗೋಕಾಕದ ಜಲಪಾತದೆದುರು ನಿಂತವನಿಗೆ ಮಾತು ಬೇಕೆನಿಸುವುದಿಲ್ಲ. ಸುಮಾರು 52 ಮೀಟರು ಎತ್ತರದಿಂದ ಧುಮುಕುವ ಘಟಪ್ರಭೆಯ ಕೆನ್ನೀರನ್ನು ನೋಡುತ್ತ ನಾನೂ ಮೈಮರೆತಿದ್ದೆ. ಮೂಡಲಗಿ, ಹುಕ್ಕೇರಿಗಳ ಕಡೆಯ ನನ್ನ ವಿದ್ಯಾರ್ಥಿಗಳು ಜೊತೆಗಿದ್ದರು. ಅವರಲ್ಲೊಬ್ಬನು ದಡದ ನೂಲಿನ ಗಿರಣಿಯತ್ತ ಕೈಮಾಡಿದ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ನೀರೇ ಅದರ ಯಂತ್ರಗಳನ್ನು ತಿರುಗಿಸಿತಂತೆ. ನೀರಿನ ಬಲವನ್ನು ಪೋಲಾಗದಂತೆ ಚಕ್ರಕ್ಕೆ ಹಿಡಿದುಕೊಡುವ ಬಗೆಯನ್ನು ಕಂಡುಕೊಂಡವರು ಯಾರು ಎಂದು ಕೇಳಿದ. ಕನ್ನಡದ ಅಧ್ಯಾಪಕನಾದ ನನ್ನಲ್ಲಿ ಉತ್ತರವಿರಲಿಲ್ಲ. ಅದನ್ನು ಅರಸುತ್ತ ಹೋದವನು ಹಲವರ ಹೆಸರುಗಳ ನಡುವೆ ಒಬ್ಬನಲ್ಲಿ ತಡೆದು ನಿಂತೆ. ಅವನೇ ಜಾನ್ ವಿಕ್ತೋರ್ ಪೊನ್ಸಲೆ.

ಪೊನ್ಸಲೆ 1788ರ ಜುಲೈ 1ರಂದು ಫ್ರಾನ್ಸಿನ ಮೆಟ್ಸ್ ನಗರದಲ್ಲಿ ಜನಿಸಿದ. ತಂದೆ ಸಿರಿವಂತ ವಕೀಲನಾದರೂ ಮಗನ ಬಾಲ್ಯ ಕಳೆದದ್ದು ಬೇರೊಂದು ಊರಿನಲ್ಲಿ, ಪರರ ಮನೆಯಲ್ಲಿ. 1807ರಲ್ಲಿ ಅವನು ಪ್ಯಾರಿಸಿನ ಎಕೋಲ್ ಪಾಲಿಟೆಕ್ನಿಕ್ ಶಾಲೆಯನ್ನು ಸೇರಿದ. ಹೆಸರು ಕೇಳಿ ನಮ್ಮ ಡಿಪ್ಲೊಮಾ ಶಾಲೆಗಳನ್ನು ನೆನೆಯಬಾರದು. ಕ್ರಾಂತಿಯ ಕೋಲಾಹಲದಲ್ಲಿ ಎಂಜಿನಿಯರುಗಳ ಕೊರತೆಯಿಂದ ಬಳಲಿದ ದೇಶ 1794ರಲ್ಲಿ ಕಟ್ಟಿದ ಶಾಲೆ ಅದು. ವಂಶ ನೋಡದೆ, ಕಠಿನವಾದ ಪರೀಕ್ಷೆಯಿಂದಲೇ ಹುಡುಗರನ್ನು ಆರಿಸುತ್ತಿದ್ದರು. ಗಣಿತಜ್ಞ ಮೋಂಜ್ ಅದರ ಸ್ಥಾಪಕರಲ್ಲಿ ಪ್ರಮುಖ. 1804ರಲ್ಲಿ ನೆಪೋಲಿಯನ್ ಅದನ್ನು ಸೈನ್ಯದ ಶಿಸ್ತಿಗೆ ಒಳಪಡಿಸಿದ. ವಿದ್ಯಾರ್ಥಿಗಳು ಸಮವಸ್ತ್ರ ತೊಟ್ಟು ಸೈನಿಕರಂತೆ ವಾಸಿಸಿದರು. ಅಲ್ಲಿ ಕಲಿತವನು ಗಣಿತಜ್ಞನೂ ಆಗಬೇಕು, ಸೇತುವೆ ಕೋಟೆಗಳನ್ನು ಕಟ್ಟುವವನೂ ಆಗಬೇಕು.

ಅಲ್ಲಿಂದ ಮೆಟ್ಸ್‌ನ ಸೈನಿಕ ಶಾಲೆಗೆ, ಅಲ್ಲಿಂದ ಯುದ್ಧಕ್ಕೆ. 1812ರಲ್ಲಿ ನೆಪೋಲಿಯನ್ನನ ಸೇನೆಯೊಡನೆ ರಷ್ಯಕ್ಕೆ ಹೋದಾಗ ಪೊನ್ಸಲೆಗೆ ಇಪ್ಪತ್ನಾಲ್ಕು ವರ್ಷ. ನವೆಂಬರಿನ ಹಿಮದಲ್ಲಿ, ಕ್ರಾಸ್ನೋಯ್ ಬಳಿಯ ಕಾಳಗದಲ್ಲಿ ಅವನು ಶತ್ರುಗಳ ಕೈಗೆ ಸಿಕ್ಕಿಬಿದ್ದ. ಹೆಪ್ಪುಗಟ್ಟಿದ ಬಯಲುಗಳನ್ನು ಕಾಲ್ನಡಿಗೆಯಲ್ಲಿ ದಾಟಿ 1813ರ ಮಾರ್ಚಿನಲ್ಲಿ ವೋಲ್ಗಾ ದಡದ ಸರಾಟೊವ್ ನಗರವನ್ನು ಮುಟ್ಟಿದಾಗ ದೇಹ ನುಗ್ಗಾಗಿತ್ತು. ವಸಂತದ ಬಿಸಿಲು ಮೈಗೆ ಚೇತನ ತಂದಿತು. ಆದರೆ ಮನಸ್ಸಿಗೆ? ಒಂದು ಪುಸ್ತಕವಿಲ್ಲ, ಗುರುವಿಲ್ಲ, ಊರಿಗೆ ಮರಳುವ ಭರವಸೆಯಿಲ್ಲ.

ಆಗ ಅವನು ಕಲಿತದ್ದನ್ನು ನೆನೆಯಲು ಕುಳಿತ. ವಿವರಗಳೆಲ್ಲ ಅಳಿಸಿಹೋಗಿದ್ದವು, ಮೂಲತತ್ವಗಳು ಮಾತ್ರ ಉಳಿದಿದ್ದವು. ಆ ಕೆಲವೇ ತತ್ವಗಳಿಂದ ಅವನು ಗಣಿತವನ್ನು ಬುಡದಿಂದ ಮತ್ತೆ ಕಟ್ಟಿದ. ಕಟ್ಟುತ್ತ ಕಟ್ಟುತ್ತ ಗುರುಗಳು ಕಾಣದಿದ್ದ ಎಡೆಗೂ ಹೋದ. ದೀಪದ ಮುಂದೆ ಬಳೆಯೊಂದನ್ನು ಓರೆಯಾಗಿ ಹಿಡಿದರೆ ಗೋಡೆಯ ಮೇಲೆ ಅದರ ನೆರಳು ಮೊಟ್ಟೆಯಾಕಾರವಾಗುತ್ತದೆ. ಉದ್ದ ಬದಲಾಯಿತು, ಕೋನ ಬದಲಾಯಿತು. ಹಾಗಾದರೆ ನೆರಳಿನಲ್ಲಿಯೂ ಬದಲಾಗದೆ ಉಳಿಯುವ ಗುಣಗಳಾವುವು? ಇದೇ ಅವನ ಪ್ರಶ್ನೆ. ಪ್ರಕ್ಷೇಪ ರೇಖಾಗಣಿತವೆಂಬ ಶಾಸ್ತ್ರ ಹೊಸ ಜೀವ ಪಡೆದದ್ದು ಹೀಗೆ. ಎಲ್ಲವನ್ನೂ ಕಳೆದುಕೊಂಡವನು ಕಳೆಯದೆ ಉಳಿಯುವುದನ್ನೇ ಅರಸಿದನೆಂಬುದು ನನಗೆ ಆಕಸ್ಮಿಕವಾಗಿ ತೋರುವುದಿಲ್ಲ.

1814ರ ಸೆಪ್ಟೆಂಬರಿನಲ್ಲಿ ಪೊನ್ಸಲೆ ತಾಯ್ನಾಡಿಗೆ ಮರಳಿದ. ಸೆರೆಯಲ್ಲಿ ಮೊಳೆತ ವಿಚಾರಗಳು 1822ರಲ್ಲಿ ಗ್ರಂಥವಾಗಿ ಹೊರಬಂದವು. ಹಿರಿಯ ಗಣಿತಜ್ಞ ಕೋಶಿ ಅವುಗಳ ಒಂದು ಮುಖ್ಯ ತತ್ವವನ್ನು ಒಪ್ಪಿರಲಿಲ್ಲ. ಆ ನೋವನ್ನು ಪೊನ್ಸಲೆ ಬಹುಕಾಲ ಮರೆಯಲಿಲ್ಲ. ಆದರೆ ಕೈಕಟ್ಟಿ ಕೂರಲೂ ಇಲ್ಲ. ಹೊಳೆಯ ಹರಿವಿಗೆ ತಿರುಗುವ ಹಳೆಯ ನೀರುಚಕ್ರಗಳ ಹಲಗೆಗಳು ಚಪ್ಪಟೆಯಾಗಿದ್ದವು. ನೀರು ಅಪ್ಪಳಿಸಿ ಸಿಡಿದು, ಬಲದ ಸುಮಾರು ಮೂರರಲ್ಲೊಂದು ಪಾಲು ಮಾತ್ರ ದಕ್ಕುತ್ತಿತ್ತು. ಪೊನ್ಸಲೆ ಹಲಗೆಯನ್ನು ಬಾಗಿಸಿದ. ನೀರು ಅಪ್ಪಳಿಸದೆ ಒಳಬರಬೇಕು, ತನ್ನ ವೇಗವನ್ನೆಲ್ಲ ಚಕ್ರಕ್ಕೆ ಒಪ್ಪಿಸಿ ಹೊರಹೋಗಬೇಕು. ಅರ್ಧಕ್ಕಿಂತ ಹೆಚ್ಚು ಬಲ ಕೈಗೆ ಬಂದಿತು. 1825ರಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿ ಇದಕ್ಕೆ ಬಹುಮಾನವಿತ್ತಿತು. ಮುಂದೆ ಜಗತ್ತಿನ ಜಲಪಾತಗಳ ಬಳಿ ತಿರುಗಿದ ಟರ್ಬೈನುಗಳು ಬೇರೆ ಬೇರೆಯವರ ಸೃಷ್ಟಿಯಾದರೂ ಈ ತತ್ವವನ್ನು ಬಿಡಲಿಲ್ಲ.

ಅವನ ಬಾಳಿನಲ್ಲಿ ನನಗೆ ಇನ್ನೂ ಪ್ರಿಯವಾದ ಸಂಗತಿಯೊಂದಿದೆ. 1827ರಿಂದ ಮೆಟ್ಸ್ ನಗರದ ಕುಶಲಕರ್ಮಿಗಳನ್ನು ಸಂಜೆಯ ವೇಳೆ ಕೂರಿಸಿಕೊಂಡು ಅವನು ಯಂತ್ರಶಾಸ್ತ್ರವನ್ನು ಬೋಧಿಸಿದ. ದೇಶದ ಹಿರಿಯ ಶಾಲೆಯಲ್ಲಿ ಕಲಿತವನ ವಿದ್ಯೆ ಕಮ್ಮಾರ ಬಡಗಿಗಳ ಪಾಲೂ ಆಯಿತು. 1848ರಲ್ಲಿ ಸೇನಾಪತಿಯ ಪದವಿ ಪಡೆದು, ತಾನು ಓದಿದ ಎಕೋಲ್ ಪಾಲಿಟೆಕ್ನಿಕ್ಕಿಗೇ ಅಧಿಪತಿಯಾದ. 1850ರವರೆಗೆ ಅದನ್ನು ನಡೆಸಿದ. ಸರಾಟೊವ್‌ನ ಟಿಪ್ಪಣಿಗಳು ಅಚ್ಚಾಗಲು 1862ರವರೆಗೆ ಕಾಯಬೇಕಾಯಿತು. 1867ರ ಡಿಸೆಂಬರ್ 22ರಂದು ಪ್ಯಾರಿಸಿನಲ್ಲಿ ಅವನು ತೀರಿಕೊಂಡ. ಐಫೆಲ್ ಗೋಪುರದ ಮೇಲೆ ಕೆತ್ತಿದ 72 ಹೆಸರುಗಳಲ್ಲಿ ಅವನದೂ ಒಂದು.

ಪ್ರಶ್ನೆ ಕೇಳಿದ ಹುಡುಗನಿಗೆ ಈ ಕಥೆಯನ್ನು ಹೇಳಿದೆ. ಹೇಳುತ್ತಿದ್ದಂತೆ ನನ್ನ ಮೇಲೆಯೇ ನನಗೆ ಸಂಶಯ ಹುಟ್ಟಿತು. ವರ್ಷಗಟ್ಟಲೆ ತರಗತಿಯಲ್ಲಿ ಟಿಪ್ಪಣಿ ಬರೆಯಿಸಿದ್ದೇನೆ. ಪರೀಕ್ಷೆಯಲ್ಲಿ ಅದೇ ಟಿಪ್ಪಣಿ ನನ್ನ ಕೈಗೆ ಮರಳಿ ಬಂದಾಗ ತೃಪ್ತಿಪಟ್ಟಿದ್ದೇನೆ. ಆ ಕಾಗದಗಳನ್ನೆಲ್ಲ ಕಸಿದುಕೊಂಡು ಈ ಹುಡುಗರನ್ನು ದೂರದ ಊರೊಂದರಲ್ಲಿ ಒಂಟಿಯಾಗಿ ನಿಲ್ಲಿಸಿದರೆ, ನಾನು ಕಲಿಸಿದ ಕನ್ನಡದಲ್ಲಿ ಅವರ ಬಳಿ ಏನು ಉಳಿದೀತು? ಮರುದಿನ ತರಗತಿಯಲ್ಲಿ ಪುಸ್ತಕಗಳನ್ನು ಮುಚ್ಚಲು ಹೇಳಿದೆ. ಓದಿದ ಕಾವ್ಯದಲ್ಲಿ ನೆನಪಿರುವುದನ್ನು ಅವರವರ ಮಾತಿನಲ್ಲೇ ಹೇಳಿರೆಂದೆ. ಬಹಳ ಹೊತ್ತು ಯಾರೂ ಬಾಯಿ ತೆರೆಯಲಿಲ್ಲ. ಕೊನೆಗೆ ಜಲಪಾತದ ಬಳಿ ಪ್ರಶ್ನೆ ಕೇಳಿದವನೇ ಎದ್ದು ನಿಂತ.